ಅಟ್ಟದ ಮೇಲಿನ ಸಿಂಗರ್‌ಗೆ ಬೆಲೆ ಎಷ್ಟು?

ಶಾಂಭವಿ ನದಿಯ ಆಚೆ ದಡ ಮೂಲ್ಕಿ, ಈಚೆ ದಡ ಹೆಜಮಾಡಿ, ಪಶ್ಚಿಮಕ್ಕೆ ಕಡಲು. ಉಪ್ಪುಗಾಳಿಗೆ ಕಿಟಕಿಯ ಸರಳೂ ತುಕ್ಕು ಹಿಡಿಯುವ ಇಂಥ ಊರಿನಲ್ಲಿ ಹಳೆಯ ಹೊಲಿಗೆ ಯಂತ್ರ ಕೊಳ್ಳಹೊರಟವರು ಮೊದಲು ಅದರ ತಲೆಯನ್ನು ಹಿಂದಕ್ಕೆ ಮಗುಚಿ ಹೊಟ್ಟೆ ನೋಡಬೇಕು. ಮೇಲಿನ ಬಂಗಾರದ ಚಿತ್ತಾರಕ್ಕೆ ಮರುಳಾದವರೇ ಹೆಚ್ಚು.

ಅಮೆರಿಕದ ಐಸಾಕ್ ಸಿಂಗರ್ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1851ರಲ್ಲಿ. ಯಂತ್ರಗಳನ್ನು ಟೀಕಿಸುತ್ತಿದ್ದ ಗಾಂಧೀಜಿಯೂ 1924ರಲ್ಲಿ ಸಿಂಗರ್‌ಗೆ ವಿನಾಯಿತಿ ಕೊಟ್ಟಿದ್ದರು. 1930ರ ದಶಕದಲ್ಲಿ ಕಲ್ಕತ್ತೆಯ ಜಯ್ ಇಂಜಿನಿಯರಿಂಗ್ ವರ್ಕ್ಸ್ ‘ಉಷಾ’ವನ್ನು ತಂದಿತು. ನಮ್ಮ ಮನೆಗಳ ಅಟ್ಟದಲ್ಲಿ ಕುಳಿತಿರುವುದು ಬಹುತೇಕ ಇವೆರಡೇ.

ಹಳತಾದ ಮಾತ್ರಕ್ಕೆ ಅಪರೂಪವೇ? ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿದ್ದ ಸಿಂಗರ್ ಕಾರ್ಖಾನೆಯೊಂದರಿಂದಲೇ 1913ರಲ್ಲಿ ಸುಮಾರು 13 ಲಕ್ಷ ಯಂತ್ರಗಳು ಹೊರಬಿದ್ದಿದ್ದವು. ಹೀಗಾಗಿ ‘ನೂರು ವರ್ಷದ್ದು, ಲಕ್ಷ ಬಾಳುತ್ತದೆ’ ಎಂಬ ಮಾತನ್ನು ನಂಬಬೇಕಾಗಿಲ್ಲ. ಇದಕ್ಕಿಂತ ಅಪಾಯದ್ದು ‘ಕೆಂಪು ಪಾದರಸ’ದ ಕಥೆ. 2009ರಲ್ಲಿ ಸೌದಿ ಅರೇಬಿಯಾದಲ್ಲಿ, ಹಳೆಯ ಸಿಂಗರ್ ಯಂತ್ರದೊಳಗೆ ಈ ಅಮೂಲ್ಯ ವಸ್ತು ಇದೆಯೆಂಬ ವದಂತಿ ಹಬ್ಬಿ, ಒಂದೊಂದಕ್ಕೆ 2 ಲಕ್ಷ ರಿಯಾಲ್‌ವರೆಗೂ ಬೆಲೆ ಕೂಗಲಾಯಿತು. ಸೂಜಿಯ ಬಳಿ ಮೊಬೈಲ್ ಹಿಡಿದಾಗ ಕರೆ ಕಡಿದುಹೋದರೆ ಪಾದರಸ ಇದೆ ಎಂಬುದು ‘ಪರೀಕ್ಷೆ’! ಯಂತ್ರದೊಳಗೆ ಇರುವುದು ಕಬ್ಬಿಣ, ಉಕ್ಕು ಮತ್ತು ಎಣ್ಣೆ. ಮನೆಗೊಬ್ಬರು ಗಲ್ಫಿನಲ್ಲಿರುವ ಕರಾವಳಿಯಲ್ಲಿ ಇದನ್ನು ನೆನಪಿಡುವುದು ಒಳ್ಳೆಯದು.

ಸಿಂಗರ್‌ನ ವಯಸ್ಸು ತಿಳಿಯಲು ಅದರ ಮೈಮೇಲಿನ ನಂಬರು ಸಾಕು. ಬರೀ ಅಂಕೆಗಳಿದ್ದರೆ 1900ಕ್ಕಿಂತ ಹಿಂದಿನದು. ನಂತರದವಕ್ಕೆ ಇಂಗ್ಲಿಷ್ ಅಕ್ಷರವೂ ಇದೆ: ‘ಎಫ್’, ‘ವೈ’ ಕ್ಲೈಡ್‌ಬ್ಯಾಂಕಿನವು, ‘ಜಿ’ ಅಮೆರಿಕದ ಎಲಿಜಬೆತ್ ಪಟ್ಟಣದ್ದು. ಹೆಸರು ಅಂಟಿಸಿದ ನಕಲಿಗಳೂ ಉಂಟು. ಆದ್ದರಿಂದ ನಂಬರನ್ನೂ ಹಿತ್ತಾಳೆಯ ಬಿಲ್ಲೆಯನ್ನೂ ಒಟ್ಟಿಗೆ ನೋಡಬೇಕು.

ಇನ್ನು ಕೈಚಕ್ರ ತಿರುಗಿಸಿ ನೋಡುವುದು. ಬಿಗಿಯಾಗಿದ್ದರೆ ಗಾಬರಿ ಬೇಡ. ಮೆಷಿನ್ ಎಣ್ಣೆ ಸಿಗದೆ ತೆಂಗಿನೆಣ್ಣೆ ಬಿಟ್ಟು ಅದು ಅಂಟಾಗಿ ಕುಳಿತಿರುವುದು ನಮ್ಮಲ್ಲಿ ಸಾಮಾನ್ಯ. ಸೀಮೆಎಣ್ಣೆ ಹಾಕಿ ಎರಡು ದಿನ ಬಿಟ್ಟು, ಆಮೇಲೆ ಸರಿಯಾದ ಎಣ್ಣೆ ಕೊಟ್ಟರೆ ಬಿಡುತ್ತದೆ. ತುಕ್ಕು ತಿಂದು ಗುಳಿ ಬಿದ್ದ ಲಾಳಿ, ಸವೆದ ಹಲ್ಲು, ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಎನ್ನುವ ಸೂಜಿಯ ಕಂಬಿ ಇದ್ದರೆ ಮಾತ್ರ ಯಂತ್ರವನ್ನು ಅಲ್ಲೇ ಬಿಟ್ಟು ಬರುವುದು ಲೇಸು. ದೋಣಿಯಾಕಾರದ ಲಾಳಿಯಿರುವ ಹಳೆಯ ಮಾದರಿಗಳು ಚೆಂದವೇ ಹೌದು, ಆದರೆ ಲಾಳಿ ಕಳೆದಿದ್ದರೆ ಹುಡುಕಿ ಹುಡುಕಿ ಸುಸ್ತಾಗಬೇಕು. ದುಂಡು ಬಾಬಿನ್‌ನ 15ನೇ ನಮೂನೆಯ ಯಂತ್ರಕ್ಕಾದರೆ ಸೂಜಿ, ಬಾಬಿನ್ ಕೇಸ್ ಯಾವುದೇ ಪೇಟೆಯ ಅಂಗಡಿಯಲ್ಲೂ ಸಿಗುತ್ತದೆ. ಹೊಲಿಯುವುದಕ್ಕೇ ಕೊಳ್ಳುವವರು ಇದನ್ನೇ ಆರಿಸಬೇಕು.

ಹೋಗುವಾಗ ಹೊಸ ಸೂಜಿ, ನೂಲು, ಎರಡು ತುಂಡು ಹತ್ತಿ ಬಟ್ಟೆ ಜೊತೆಗಿರಲಿ. ಎರಡು ಮಡಿಕೆಯಲ್ಲೂ ನಾಲ್ಕು ಮಡಿಕೆಯಲ್ಲೂ ಹೊಲಿದು, ಬಟ್ಟೆಯನ್ನು ತಿರುವಿ ನೋಡಿ. ಕೆಳಗಡೆ ನೂಲು ಗಂಟುಗಂಟಾಗಿದ್ದರೆ ಟೆನ್ಶನ್ ತಿರುಪು ಸರಿಮಾಡಿ ಮತ್ತೊಮ್ಮೆ ಹೊಲಿಯಿರಿ. ಆಗಲೂ ಹೊಲಿಗೆ ತಪ್ಪುತ್ತಿದ್ದರೆ ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಚರ್ಮದ ಬೆಲ್ಟು ಸಡಿಲವಾಗಿದ್ದರೆ ಚಿಂತೆಯಿಲ್ಲ, ತುಸು ಕತ್ತರಿಸಿ ಮತ್ತೆ ಕ್ಲಿಪ್ಪು ಹಾಕಿದರಾಯಿತು.