ಸಕ್ಕರೆಯ ಬೀಗದಿಂದ ಟೈಟಾನಿಯಂ ಗೋಳದವರೆಗೆ

ಸ್ಪುಟ್ನಿಕ್, ಗಗಾರಿನ್, ಆಮೇಲೆ ಚಂದ್ರನ ಓಟದಲ್ಲಿ ಸೋಲು. ಸೋವಿಯತ್ ಬಾಹ್ಯಾಕಾಶ ಚರಿತ್ರೆಯ ಬಗ್ಗೆ ನಮ್ಮ ಮಾತು ಸಾಮಾನ್ಯವಾಗಿ ಇಷ್ಟಕ್ಕೇ ಮುಗಿಯುತ್ತದೆ. ಆದರೆ ಆ ಚರಿತ್ರೆಯ ಹುಚ್ಚು ಹತ್ತಿದವರನ್ನು ಕೇಳಿ ನೋಡಿ, ಮಾತು ಬೇಗನೆ ಶುಕ್ರಗ್ರಹದ ಕಡೆ ಹೊರಳುತ್ತದೆ. ನಾನೂ ಅದೇ ಪಕ್ಷದವನು.

1967ರಲ್ಲಿ ಸೋವಿಯತ್ ನೌಕೆ ವೆನೆರಾ-4 ಹೊರಟಾಗ ಶುಕ್ರನ ಮೋಡಗಳ ಅಡಿ ಏನಿದೆಯೆಂದು ಯಾರಿಗೂ ಖಚಿತವಿರಲಿಲ್ಲ. ಅಲ್ಲಿಂದ ಬರುತ್ತಿದ್ದ ರೇಡಿಯೊ ಅಲೆಗಳು ನೆಲ ಕಾದಿದೆ ಎಂದು ಸೂಚಿಸುತ್ತಿದ್ದರೂ ನೀರು ಇದ್ದರೂ ಇರಬಹುದೆಂಬ ಆಸೆ ಪೂರ್ತಿ ಬತ್ತಿರಲಿಲ್ಲ. ಹಾಗಾಗಿ ಎಂಜಿನಿಯರುಗಳು ಇಳಿಯುವ ಗೋಳವನ್ನು ತೇಲುವಂತೆ ಕಟ್ಟಿದರು, ಅದರ ಒಂದು ಬೀಗವನ್ನು ಸಕ್ಕರೆಯಿಂದ ಮಾಡಿದರು. ನೀರಿಗೆ ಬಿದ್ದರೆ ಸಕ್ಕರೆ ಕರಗಬೇಕು, ಆಂಟೆನಾ ಬಿಚ್ಚಿಕೊಳ್ಳಬೇಕು. ಅಕ್ಟೋಬರ್ 18ರಂದು ಗೋಳ ಪ್ಯಾರಾಚೂಟಿನಲ್ಲಿ ತೂಗುತ್ತ ಇಳಿಯಿತು. ಗಾಳಿಯ ಬಹುಪಾಲು ಇಂಗಾಲದ ಡೈಆಕ್ಸೈಡ್. ಇಳಿದಷ್ಟೂ ಬಿಸಿ, ಇಳಿದಷ್ಟೂ ಒತ್ತಡ. ನೆಲ ಇನ್ನೂ 20 ಕಿ.ಮೀ.ಗೂ ಹೆಚ್ಚು ಕೆಳಗಿರುವಾಗಲೇ ಅದರ ಸದ್ದಡಗಿತು. ಮಾಸ್ಕೋ ಮಾತ್ರ, ನಮ್ಮದು ನೆಲ ಮುಟ್ಟಿತು ಎಂದು ಸಾರಿಬಿಟ್ಟಿತು! ಮರುದಿನವೇ ಶುಕ್ರನ ಪಕ್ಕ ಹಾದುಹೋದ ಅಮೆರಿಕದ ಮ್ಯಾರಿನರ್-5ರ ಅಳತೆಗಳೊಂದಿಗೆ ಆ ಲೆಕ್ಕ ತಾಳೆಯಾಗಲಿಲ್ಲ.

ಮಾಸ್ಕೋ ಹತ್ತಿರದ ಲಾವೋಚ್ಕಿನ್ ವಿನ್ಯಾಸ ಸಂಸ್ಥೆಯಲ್ಲಿ ಗಿಯೋರ್ಗಿ ಬಬಾಕಿನ್ ಅವರ ತಂಡ ಮುಂದೆ ಟೈಟಾನಿಯಂ ಹಿಡಿಯಿತು. ಎಷ್ಟು ಒತ್ತಡ ಎದುರಾಗುತ್ತದೋ ಗೊತ್ತಿಲ್ಲ, ಹೆಚ್ಚೇ ಇರಲಿ ಎಂದು ವೆನೆರಾ-7ರ ಗೋಳವನ್ನು ಭೂಮಿಯ ವಾಯುಒತ್ತಡದ 180 ಪಟ್ಟು ತಾಳುವಂತೆ ರೂಪಿಸಿದರು. 1970ರ ಡಿಸೆಂಬರ್ 15ರಂದು ಅದರ ಪ್ಯಾರಾಚೂಟ್ ಕೈಕೊಟ್ಟಿತು. ಗೋಳ ಗಂಟೆಗೆ ಸುಮಾರು 60 ಕಿ.ಮೀ. ವೇಗದಲ್ಲಿ ನೆಲಕ್ಕೆ ಅಪ್ಪಳಿಸಿ ಮೌನವಾಯಿತು. ಕಥೆ ಮುಗಿಯಿತೆಂದೇ ಎಲ್ಲರೂ ಭಾವಿಸಿದರು. ಆದರೆ ಕೆಲವು ವಾರಗಳ ನಂತರ ಧ್ವನಿಮುದ್ರಿತ ಟೇಪುಗಳನ್ನು ಜಾಲಾಡಿದಾಗ ಗದ್ದಲದ ನಡುವೆ ಕ್ಷೀಣ ಸಂಕೇತವೊಂದು ಸಿಕ್ಕಿತು, ಮೊದಲಿನ ಬಲದ ನೂರನೇ ಒಂದು ಭಾಗದಷ್ಟು. ಗೋಳ ಮಗ್ಗುಲಾಗಿ ಬಿದ್ದು ಆಂಟೆನಾ ಭೂಮಿಯಿಂದ ಅತ್ತ ತಿರುಗಿತ್ತು, ಅಷ್ಟೇ. 20 ನಿಮಿಷಕ್ಕೂ ಹೆಚ್ಚು ಹೊತ್ತು ಅದು ಬದುಕಿತ್ತು. ಒಳಗಿನ ಸ್ವಿಚ್ ಸಿಕ್ಕಿಕೊಂಡು ಒಂದೇ ಅಳತೆ ಬರುತ್ತಿತ್ತು: ತಾಪಮಾನ, ಸುಮಾರು 475 ಡಿಗ್ರಿ ಸೆಲ್ಸಿಯಸ್. ಆ ಒಂದು ಅಂಕಿಯ ಎಳೆ ಹಿಡಿದೇ ಒತ್ತಡ ಸುಮಾರು 90 ಪಟ್ಟು ಎಂದು ಲೆಕ್ಕ ಹಾಕಿದರು. ಬೇರೊಂದು ಗ್ರಹದ ನೆಲದಿಂದ ಮನುಷ್ಯನಿಗೆ ಬಂದ ಮೊದಲ ಸುದ್ದಿ ಅದು. ಕೆಟ್ಟುಹೋದ ಯಂತ್ರದಿಂದ ಇಷ್ಟೊಂದು ಹಿಂಡಿ ತೆಗೆದ ಇನ್ನೊಂದು ಉದಾಹರಣೆ ನನಗೆ ನೆನಪಾಗುತ್ತಿಲ್ಲ.

ಒತ್ತಡ ಗೊತ್ತಾದ ಮೇಲೆ ಗೋಳ ಅಷ್ಟು ದಪ್ಪ ಇರಬೇಕಾಗಿರಲಿಲ್ಲ. ಉಳಿದ ತೂಕದಲ್ಲಿ ವೆನೆರಾ-8 ಹೆಚ್ಚು ಉಪಕರಣ ಹೊತ್ತಿತು. ಅಲ್ಲಿನ ಬೆಳಕು ನಮ್ಮ ಮೋಡ ಮುಸುಕಿದ ಹಗಲಿನಂತಿದೆ, ಫೋಟೊ ತೆಗೆಯಬಹುದು ಎಂದು ಅದು ತಿಳಿಸಿತು. ಸೀಸವೂ ಕರಗುವ ಆ ಬಿಸಿಯಲ್ಲಿ ಕ್ಯಾಮೆರಾ ಉಳಿಯುವುದು ಹೇಗೆ? ಇಳಿಯುವ ಮುನ್ನವೇ ನೌಕೆಯನ್ನು ಚೆನ್ನಾಗಿ ತಣ್ಣಗಾಗಿಸುತ್ತಿದ್ದರು. ದಪ್ಪ ಶಾಖನಿರೋಧಕ ಹೊದಿಕೆಯ ಒಳಗೆ, 30 ಡಿಗ್ರಿಯ ಆಸುಪಾಸಿನಲ್ಲಿ ಕರಗುವ ಲಿಥಿಯಂ ಲವಣ ಇಡುತ್ತಿದ್ದರು. ಅದು ಕರಗುತ್ತ ಶಾಖ ಹೀರಿಕೊಳ್ಳುತ್ತದೆ. ಪೂರ್ತಿ ಕರಗುವವರೆಗೆ ಮಾತ್ರ ಜೀವ.

1975ರಲ್ಲಿ ವೆನೆರಾ-9 ಚೂಪು ಅಂಚಿನ ಕಲ್ಲುಗಳ ಚಿತ್ರ ಕಳಿಸಿತು. 1978ರಲ್ಲಿ ವೆನೆರಾ-11 ಮತ್ತು 12 ಇಳಿದವು, ಆದರೆ ಕ್ಯಾಮೆರಾಗಳ ಮುಚ್ಚಳವೇ ಕಳಚಲಿಲ್ಲ. 1982ರ ವೆನೆರಾ-13 ಬಣ್ಣದ ಚಿತ್ರ ತೆಗೆದು, ನೆಲ ಕೊರೆದು ಮಣ್ಣನ್ನೂ ಪರೀಕ್ಷಿಸಿತು. 32 ನಿಮಿಷಕ್ಕೆಂದು ಕಟ್ಟಿದ್ದ ಅದು 127 ನಿಮಿಷ ದುಡಿಯಿತು. 1985ರ ಸೋವಿಯತ್ ವೇಗಾ ನೌಕೆಗಳ ನಂತರ ಯಾವ ದೇಶವೂ ಅಲ್ಲಿ ಇಳಿದಿಲ್ಲ.

ಹೊರಟವೆಲ್ಲ ಶುಕ್ರನನ್ನು ತಲುಪಲಿಲ್ಲ. ಭೂಕಕ್ಷೆ ದಾಟಲಾಗದೆ ಸಿಕ್ಕಿಬಿದ್ದ ಶುಕ್ರನೌಕೆಗಳಿಗೆ ಸೋವಿಯತ್ ಅಧಿಕಾರಿಗಳು ಸದ್ದಿಲ್ಲದೆ ಕಾಸ್ಮೋಸ್ ಎಂಬ ಸಾಮಾನ್ಯ ಹೆಸರಿಡುತ್ತಿದ್ದರು. ವೆನೆರಾ-8ರ ಜೋಡಿಯಾಗಿ 1972ರ ಮಾರ್ಚ್ 31ರಂದು ಹಾರಿದ ಕಾಸ್ಮೋಸ್-482 ಅಂಥದ್ದು. ಶುಕ್ರನಿಗೆಂದು ಕಟ್ಟಿದ ಅದರ ಗೋಳ 53 ವರ್ಷ ಭೂಮಿಯನ್ನೇ ಸುತ್ತಿ, 2025ರ ಮೇ 10ರಂದು ವಾತಾವರಣಕ್ಕೆ ಮರಳಿತು. ಹಿಂದೂ ಮಹಾಸಾಗರಕ್ಕೆ ಬಿದ್ದಿತೆಂದು ರಷ್ಯಾದ ಬಾಹ್ಯಾಕಾಶ ಸಂಸ್ಥೆ ಪ್ರಕಟಿಸಿತು.