ಕಾಳು ಬೇಯಲಿಲ್ಲ ಅಂತ ಒಲೆಯನ್ನು ಬೈಯಬೇಡಿ!

ಮೈಸೂರು: ತಿಂಗಳ ಮೊದಲ ವಾರ ಬಂತೆಂದರೆ ಸಂತೇಪೇಟೆಯ ದಿನಸಿ ಅಂಗಡಿಗಳ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ಅಕ್ಕಿ ಕೊಳ್ಳುವಾಗ ಊರಿನ ಜನ ಬಲು ಜಾಣರು. ಹಳೇದೋ ಹೊಸದೋ ಎಂದು ಕೇಳುತ್ತಾರೆ, ಅಂಗೈಯಲ್ಲಿ ಹರಡಿ ನೋಡುತ್ತಾರೆ, ನಾಲ್ಕು ಕಾಳು ಬಾಯಿಗೆ ಹಾಕಿ ಕಡಿಯುತ್ತಾರೆ. ಅದೇ ಜನ ಒಣ ಅವರೆಕಾಳು, ಅಲಸಂದೆ, ರಾಜ್ಮಾ ಚೀಲದ ಮುಂದೆ ನಿಂತಾಗ ಮಾತ್ರ "ದಪ್ಪಗಿರೋದು ಕೊಡಿ, ಹೊಳೀತಿರೋದು ಕೊಡಿ" ಎಂದು ಕೈಚೀಲ ಚಾಚಿಬಿಡುತ್ತಾರೆ. ಮೋಸ ಹೋಗುವುದು ಇಲ್ಲೇ!

ಅಕ್ಕಿ ಹಳೆಯದಾದಷ್ಟೂ ಅನ್ನ ಉದುರುದುರು. ಕಾಳಿನ ಲೆಕ್ಕ ಇದಕ್ಕೆ ತಲೆಕೆಳಗು. ಕಾಳು ಹಳೆಯದಾದಷ್ಟೂ ಕಲ್ಲು. ರಾತ್ರಿಯೆಲ್ಲ ನೆನೆಸಿ, ಬೆಳಿಗ್ಗೆ ಕುಕ್ಕರಿಗೆ ಹಾಕಿ ಎಂಟು ಸೀಟಿ ಕೂಗಿಸಿದರೂ ಸಾರಿನಲ್ಲಿ ಕಾಳು ಕಾಳಾಗಿಯೇ ಕೂತಿರುತ್ತದೆ. ಸೊಸೆಗೆ ಅಡಿಗೆ ಬಾರದು ಎಂದು ಅತ್ತೆಯ ದೂರು, ಒಲೆಯ ಉರಿ ಸಾಲದು ಎಂದು ಸೊಸೆಯ ದೂರು. ಪಾಪ, ಇಬ್ಬರದೂ ತಪ್ಪಿಲ್ಲ. ತಪ್ಪು ಅಂಗಡಿಯಲ್ಲೇ ಆಗಿಹೋಗಿರುತ್ತದೆ.

ಸೆಕೆ ಮತ್ತು ತೇವ ತುಂಬಿದ ಗೋದಾಮಿನಲ್ಲಿ ತಿಂಗಳುಗಟ್ಟಲೆ ಬಿದ್ದ ಕಾಳಿನ ಒಳಗೇ ಬದಲಾವಣೆ ನಡೆಯುತ್ತದೆ. ಕಾಳಿನ ಕಣಕಣವನ್ನೂ ಅಂಟಿನಂತೆ ಹಿಡಿದಿರುವ ಪೆಕ್ಟಿನ್ ಎಂಬ ವಸ್ತು ಬಿಗಿದುಕೊಳ್ಳುತ್ತದೆ. ಆಮೇಲೆ ಎಷ್ಟು ಕುದಿಸಿದರೂ ಅದು ಸುಲಭವಾಗಿ ಸಡಿಲವಾಗದು. ಕಟ್ಟಿಗೆಯೋ ಗ್ಯಾಸೋ ಉರಿದದ್ದೇ ಲಾಭ!

ಚೀಲ ಹೊಸದು, ಕಾಳು?

"ಶೆಟ್ರೇ, ಇದು ಈ ಸಲದ ಬೆಳೇನಾ?" ಎಂದು ಕೇಳಿ ನೋಡಿ. "ಅಯ್ಯೋ ತಾಯಿ, ಚೀಲ ನಿನ್ನೆ ತಾನೇ ಇಳಿಸಿದ್ದು!" ಎಂಬ ಉತ್ತರ ಬರುತ್ತದೆ. ಚೀಲ ನಿನ್ನೆ ಇಳಿದಿರಬಹುದು. ಕಾಳು ಕಣದಿಂದ ಎದ್ದದ್ದು ಯಾವಾಗ ಎಂಬುದು ಪ್ರಶ್ನೆ. ಅಂಗಡಿಯವರಿಗೂ ಒಮ್ಮೊಮ್ಮೆ ಅದು ಗೊತ್ತಿರುವುದಿಲ್ಲ. ಪೊಟ್ಟಣದ ಕಾಳು ಕೊಂಡರೂ ಅಷ್ಟೇ. ಅದರ ಮೇಲೆ ಕಾಣುವುದು ಪ್ಯಾಕ್ ಮಾಡಿದ ತಿಂಗಳು, ಕೊಯ್ಲಿನ ವರ್ಷವಲ್ಲ.

ಹಾಗಾದರೆ ಕಣ್ಣಿನಲ್ಲೇ ಪತ್ತೆ ಹಚ್ಚಬೇಕು. ಒಂದು ಹಿಡಿ ಕಾಳನ್ನು ಬೆಳಕಿಗೆ ಹಿಡಿಯಿರಿ. ಎಲ್ಲ ಒಂದೇ ಗಾತ್ರ, ಒಂದೇ ಬಣ್ಣ ಇದ್ದರೆ ಒಳ್ಳೆಯದು. ಅರ್ಧ ಹೊಳಪು ಅರ್ಧ ಮಂಕು ಇದ್ದರೆ ಹಳೇದಕ್ಕೆ ಹೊಸದು ಬೆರೆತಿದೆ ಎಂಬ ಅನುಮಾನ ಇರಲಿ. ಅಂಥ ಕಾಳು ಬೇಯಿಸಿದರೆ ಅರ್ಧ ಗಂಜಿ, ಅರ್ಧ ಗೋಲಿ! ಸಿಪ್ಪೆ ಸುಕ್ಕಾಗಿದ್ದರೆ, ಸೀಳಿದ್ದರೆ ಬೇಡ. ಕೆಂಪು ರಾಜ್ಮಾ ಗಾಢ ಬಣ್ಣದ್ದಾದಷ್ಟೂ ಉತ್ತಮ ಎಂದು ಹಲವರು ನಂಬಿದ್ದಾರೆ. ವಾಸ್ತವ ಬೇರೆ. ದಿನ ಕಳೆದಂತೆ ಅದರ ಸಿಪ್ಪೆ ಕಪ್ಪಿಡುತ್ತಾ ಹೋಗುತ್ತದೆ. ಮಂಕು ಹಿಡಿದ ಕಪ್ಪುಗೆಂಪು ವಯಸ್ಸಿನ ಗುರುತು. ತೀರಾ ಮಿರುಗುತ್ತಿದ್ದರೆ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿ, ಎಣ್ಣೆಯೋ ಬಣ್ಣವೋ ಸವರಿದ್ದರೆ ಬಟ್ಟೆಯೇ ಹೇಳುತ್ತದೆ.

ಬಿಳಿ ಚುಕ್ಕೆ, ದುಂಡು ತೂತು

ತೂತು ಬಿದ್ದ ಕಾಳನ್ನು ಯಾರೂ ಕೊಳ್ಳುವುದಿಲ್ಲ. ಆದರೆ ತೂತು ಬೀಳುವುದು ದುಂಬಿ ಹೊರಬಂದ ಮೇಲೆ. ಅದಕ್ಕೂ ಮೊದಲೇ ಅಲಸಂದೆ, ಹೆಸರು, ಕಡಲೆಯ ಸಿಪ್ಪೆಯ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳು ಅಂಟಿಕೊಂಡಿರುತ್ತವೆ. ಅದೇ ಮೊಟ್ಟೆ! ಹುಳು ನೇರ ಕಾಳಿನೊಳಗೆ ಕೊರೆದು ಅಲ್ಲೇ ತಿಂದು ಬೆಳೆಯುತ್ತದೆ. ಅಂಥದ್ದನ್ನು ತಂದು ಡಬ್ಬಿಗೆ ಸುರಿದರೆ ತಿಂಗಳೊಳಗೆ ಡಬ್ಬಿಯೆಲ್ಲ ಹಿಟ್ಟು. ಹಳ್ಳಿಯಲ್ಲಿ ಹಿರಿಯರು ಕಾಳಿಗೆ ಕೆಮ್ಮಣ್ಣು ಕಟ್ಟಿ, ಬಿಸಿಲಿಗೆ ಹಾಕಿ, ಬೇವಿನ ಸೊಪ್ಪು ಬೆರೆಸಿ ಇಡುತ್ತಿದ್ದುದು ಇದಕ್ಕೇ.

ನೀರಿನ ದೋಷವೂ ಉಂಟು

ಕಾವೇರಿ ನೀರು ಬರುವ ಮನೆಯಲ್ಲಿ ಬೆಂದ ಕಾಳು ಬೋರ್‌ವೆಲ್ ನೀರಿನ ಬಡಾವಣೆಯಲ್ಲಿ ಬೇಯದೇ ಹೋಗಬಹುದು. ಗಡಸು ನೀರಿನ ಸುಣ್ಣದ ಅಂಶ ಕಾಳನ್ನು ಇನ್ನಷ್ಟು ಬಿಗಿಯುತ್ತದೆ. ಹುಣಸೆಹುಳಿ, ಟೊಮೆಟೊ ಮೊದಲೇ ಹಾಕಿದರೂ ಅದೇ ಪಾಡು. ಹುಳಿ ಬೀಳಬೇಕಾದ್ದು ಕಾಳು ಮೆತ್ತಗಾದ ಮೇಲೆ. ನೆನೆಸುವ ನೀರಿಗೆ ಒಂದಿಷ್ಟು ಉಪ್ಪು ಹಾಕಿದರೆ ಸಿಪ್ಪೆ ಬೇಗ ಮೆದುವಾಗುತ್ತದೆ. ಅಡಿಗೆ ಸೋಡಾ ಹಾಕಿದರೆ ಬೇಯುವುದೇನೋ ನಿಜ, ಆದರೆ ಕಾಳಿನಲ್ಲಿರುವ ಬಿ-1 ಜೀವಸತ್ವ ನಾಶವಾಗುತ್ತದೆ.

ಕೆಂಪುಕಾಳು: ಎಚ್ಚರ!

ಇಷ್ಟೆಲ್ಲ ಪರದಾಡಿ ಕೊನೆಗೆ "ಸ್ವಲ್ಪ ಗಟ್ಟಿ ಇದೆ ಅಷ್ಟೇ, ತಿನ್ನೋ ಮಗಾ" ಎಂದು ಬಡಿಸುವ ಮನೆಗಳಿವೆ. ಬೇರೆ ಕಾಳಾದರೆ ಹೊಟ್ಟೆ ಉಬ್ಬರಕ್ಕೆ ಮುಗಿದೀತು. ರಾಜ್ಮಾದಲ್ಲಿ ಈ ಆಟ ಬೇಡ. ಹಸಿಯ ರಾಜ್ಮಾದಲ್ಲಿ ಒಂದು ಬಗೆಯ ವಿಷವಿದೆ. ನಾಲ್ಕೈದು ಹಸಿಕಾಳು ಹೊಟ್ಟೆಗೆ ಹೋದರೂ ಸಾಕು, ಒಂದರಿಂದ ಮೂರು ಗಂಟೆಯೊಳಗೆ ವಾಂತಿ, ಭೇದಿ ಹಿಡಿದುಕೊಳ್ಳಬಹುದು. ಕುದಿಯದ ಸಣ್ಣ ಉರಿಯಲ್ಲಿ ಅರೆಬೇಯಿಸಿದರೆ ವಿಷ ಕಡಿಮೆಯಾಗುವುದಿರಲಿ, ಹೆಚ್ಚಲೂಬಹುದು. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕಡಿಮೆಯೆಂದರೂ 10 ನಿಮಿಷ ಕೊತಕೊತ ಕುದಿಸಲೇಬೇಕು. ಅರ್ಧ ಗಂಟೆ ಕುದಿಸಿದರೆ ಇನ್ನೂ ಕ್ಷೇಮ. ಆಮೇಲೆ ಮೆತ್ತಗಾಗುವ ತನಕ ಬೇಯಿಸಿ.

ಕಾಳು ಬಿಟ್ಟು ಬದುಕೋಣ ಎಂದರೆ ಆಗುವ ಮಾತಲ್ಲ. ಒಣಕಾಳಿನಲ್ಲಿ ನೂರಕ್ಕೆ 20ರಿಂದ 25 ಭಾಗ ಪ್ರೋಟೀನು. ಅಕ್ಕಿಯಲ್ಲಿ ಕಮ್ಮಿ ಇರುವುದನ್ನು ಕಾಳು ತುಂಬುತ್ತದೆ, ಕಾಳಿನಲ್ಲಿ ಕಮ್ಮಿ ಇರುವುದನ್ನು ಅಕ್ಕಿ ತುಂಬುತ್ತದೆ. ಮಾಂಸ ಮೊಟ್ಟೆ ಕೊಳ್ಳಲಾಗದ ಮನೆಯ ಮಕ್ಕಳಿಗೆ ಕಾಳುಸಾರು ಅನ್ನವೇ ಆಧಾರ. ಬೇಯದ ಕಾಳು ಚರಂಡಿ ಸೇರಿದರೆ ನಷ್ಟವಾಗುವುದು ಆ ಮಕ್ಕಳ ಊಟ.

ಆದ್ದರಿಂದ ಚೀಲದ ಮೇಲೆ, ಪೊಟ್ಟಣದ ಮೇಲೆ ಬೆಳೆಯ ವರ್ಷ ಬರೆಯಿರಿ ಎಂದು ಗಿರಾಕಿಗಳು ಕೇಳುವುದು ನ್ಯಾಯ. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ವರ್ತಕರು ತಾವಾಗಿಯೇ ಹೇಳಿಯಾರು. ಅಲ್ಲಿಯವರೆಗೆ ಉಪಾಯ ಒಂದೇ. ಕೆಜಿಗಟ್ಟಲೆ ಕಟ್ಟಿಸಬೇಡಿ. ಕಾಲು ಕೆಜಿ ತನ್ನಿ, ಬೇಯಿಸಿ ನೋಡಿ. ಹಿಸುಕಿದರೆ ಬೆರಳ ನಡುವೆ ಬೆಣ್ಣೆಯಾಯಿತೇ? ಹಾಗಿದ್ದರೆ ತಿಂಗಳ ಚೀಟಿಗೆ ಬರೆದುಕೊಳ್ಳಿ. ಆಗಲಿಲ್ಲವೇ? ಮುಂದಿನ ಅಂಗಡಿ ಮೆಟ್ಟಿಲು ಹತ್ತಿ!