ಟಿವಿ ನೋಡಬೇಡಿ, ಓಡಿ!

2024ರ ಜನವರಿ 1. ಹಾಸ್ಟೆಲ್‌ನಲ್ಲಿ ಹೊಸ ವರ್ಷದ ಕೇಕ್ ಖಾಲಿಯಾಗಿ, ಎಲ್ಲರೂ ಮಂಚದ ಮೇಲೆ ಬಿದ್ದುಕೊಂಡು ಮೊಬೈಲ್ ಉಜ್ಜುತ್ತಿದ್ದ ಸಂಜೆ. ರೂಮ್‌ಮೇಟ್ ಫೋನನ್ನು ನನ್ನ ಮುಖದ ಮುಂದೆ ಹಿಡಿದು ‘ಇದನ್ನ ಕೇಳು, ನೋಡೋದಲ್ಲ, ಕೇಳು’ ಎಂದ. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ವಾರ್ತೆ. ನೊಟೊ ಪರ್ಯಾಯ ದ್ವೀಪದಲ್ಲಿ ಆ ದಿನ ಅಲ್ಲಿನ ಸಮಯ ಸಂಜೆ 4.10ಕ್ಕೆ 7.6 ತೀವ್ರತೆಯ ಭೂಕಂಪವಾಗಿತ್ತು. ಸುನಾಮಿ ಎಚ್ಚರಿಕೆ ಕೊಟ್ಟಿದ್ದರು. ವಾರ್ತೆ ಓದುವ ಹೆಣ್ಣುಮಗಳು ಕೂಗುತ್ತಿದ್ದಳು.

ನನಗೆ ಜಪಾನಿ ಒಂದಕ್ಷರ ಬರುವುದಿಲ್ಲ. ಆದರೂ ಮೈ ಜುಮ್ ಎಂದಿತು. ಅದು ಚರ್ಚೆಯಲ್ಲಿ ಎದುರಿನವನ ಬಾಯಿ ಮುಚ್ಚಿಸುವ ಕೂಗಲ್ಲ. ಮಗು ರಸ್ತೆಗೆ ಓಡಿದಾಗ ತಾಯಿ ಕೂಗುತ್ತಾಳಲ್ಲ, ಆ ಥರದ್ದು. ಕೆಳಗಿದ್ದ ಸಬ್‌ಟೈಟಲ್ ಓದಿದೆ. ಈಗಲೇ ಎತ್ತರದ ಜಾಗಕ್ಕೆ ಓಡಿ, ನಿಲ್ಲಬೇಡಿ, ಹಿಂದಕ್ಕೆ ಬರಬೇಡಿ, ಟಿವಿ ನೋಡುತ್ತ ಕೂರಬೇಡಿ ಎನ್ನುತ್ತಿದ್ದಳು. ಟಿವಿಯವರೇ ಟಿವಿ ನೋಡಬೇಡಿ ಎಂದದ್ದನ್ನು ನಾನು ಜೀವನದಲ್ಲಿ ಅದೇ ಮೊದಲು ಕೇಳಿದ್ದು. ಪರದೆಯ ತುಂಬ ಚಿಕ್ಕ ಮಕ್ಕಳೂ ಓದಬಲ್ಲ ಸರಳ ಲಿಪಿಯಲ್ಲಿ ‘ಸುನಾಮಿ! ಓಡಿ!’ ಎಂದು ದೊಡ್ಡದಾಗಿ ಬರೆದಿದ್ದರು.

ಅವತ್ತು ರಾತ್ರಿ ನನಗೆ ನೆನಪಾದದ್ದು ಜಪಾನಲ್ಲ, ನಮ್ಮ ಅಜ್ಜನ ಮನೆ.

ನಮ್ಮದು ಘಟಪ್ರಭಾ ದಂಡೆಯ ಊರು. 2019ರ ಜುಲೈ ತಿಂಗಳಿಡೀ ನಮ್ಮ ಮನೆಯ ಟಿವಿಯಲ್ಲಿ ಒಂದೇ ಗದ್ದಲ: ಸಮ್ಮಿಶ್ರ ಸರ್ಕಾರ ಬೀಳುತ್ತದೋ ಉಳಿಯುತ್ತದೋ, ಶಾಸಕರು ಮುಂಬೈ ಹೋಟೆಲಿನಿಂದ ಬರುತ್ತಾರೋ ಇಲ್ಲವೋ. ಕೆಂಪು ಪಟ್ಟಿ, ಡಂ ಡಂ ಸಂಗೀತ, ಗಂಟಲು ಹರಿಯುವಂಥ ಕೂಗು. ಜುಲೈ 23ಕ್ಕೆ ಸರ್ಕಾರ ಬಿತ್ತು. ಆಗಸ್ಟ್ ಮೊದಲ ವಾರ ಮಳೆ ಹಿಡಿಯಿತು, ಹೊಳೆ ಏರತೊಡಗಿತು. ಅದೇ ಚಾನೆಲ್, ಅದೇ ಕೆಂಪು ಪಟ್ಟಿ, ಅದೇ ಸಂಗೀತ, ಅದೇ ದನಿ ಈಗ ಡ್ಯಾಮಿನಿಂದ ನೀರು ಬಿಟ್ಟರು ಎನ್ನುತ್ತಿತ್ತು. ಒಂಬತ್ತನೇ ಕ್ಲಾಸಿನಲ್ಲಿದ್ದ ನಾನು ‘ಅಜ್ಜಾ, ನೀರು ಬರ್ತಾವಂತ’ ಎಂದೆ. ಅಜ್ಜ ಎಲೆ ಅಡಿಕೆ ಮೆಲ್ಲುತ್ತ, ‘ತಿಂಗಳಾತು ಹಿಂಗ ಒದರಾಕತ್ತಾರ. ಸೌಂಡ್ ಕಡಿಮಿ ಮಾಡೋ ತಮ್ಮಾ’ ಎಂದರು. ನಾನು ಕಡಿಮೆ ಮಾಡಿದೆ.

ಕತ್ತಲಾದ ಮೇಲೆ ಊರಾಗ ಡಂಗುರ ಸಾರುವವನು ಬಂದ. ಹಲಗೆಯ ಸದ್ದು ಓಣಿಯ ತುದಿಯಲ್ಲಿ ಕೇಳಿದ್ದೇ ತಡ, ಅಜ್ಜ ಎದ್ದು ನಿಂತರು. ‘ಅಂವ ಸುಮ್ಮಸುಮ್ಮನ ಬರಾಂವಲ್ಲ. ಏಳ್ರಿ’ ಎಂದರು. ಕಾಕಾನ ಟ್ರ್ಯಾಕ್ಟರ್‌ನಲ್ಲಿ ನಾವು ಹೊರಬಿದ್ದೆವು. ಜೋಳದ ಚೀಲಗಳು, ನನ್ನ ಪುಸ್ತಕಗಳು, ಒಂದು ಎಮ್ಮೆಕರು ಮತ್ತು ಆ ಟಿವಿ ನೀರಿನ ಪಾಲಾದವು. ಮಧ್ಯಾಹ್ನವೇ ಹೊರಟಿದ್ದರೆ ಕರುವಾದರೂ ಉಳಿಯುತ್ತಿತ್ತು ಎಂದು ಅಮ್ಮ ಇವತ್ತಿಗೂ ಅನ್ನುತ್ತಾರೆ.

ಈ ಎರಡು ದನಿಗಳ ವ್ಯತ್ಯಾಸ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆಮೇಲೆ ಮೆಸ್‌ನಲ್ಲಿ ಊಟಕ್ಕೆ ಕೂತಾಗಲೆಲ್ಲ ಯೂಟ್ಯೂಬ್‌ನಲ್ಲಿ ಬೇರೆ ಬೇರೆ ದೇಶದ ವಾರ್ತೆ ಹಾಕಿಕೊಂಡು ಕೂರುವ ಚಟ ಹತ್ತಿತು. ಭಾಷೆ ಅರ್ಥವಾಗದಿದ್ದರೆ ಇನ್ನೂ ಒಳ್ಳೆಯದು. ಬರೀ ದನಿ, ಮುಖ, ಕೈ ಗಮನಿಸಬಹುದು.

ಮೊದಲು ನನ್ನನ್ನು ನಗಿಸಿದ್ದು ಬಿಬಿಸಿಯ ಚರಿತ್ರೆ. 1954ರ ಜುಲೈ 5ರಂದು ಅದು ಟಿವಿಯಲ್ಲಿ ಮೊದಲ ವಾರ್ತಾಸಂಚಿಕೆ ಪ್ರಸಾರ ಮಾಡಿದಾಗ ಓದಿದವರು ರಿಚರ್ಡ್ ಬೇಕರ್. ಆದರೆ ಅವರ ಮುಖವನ್ನು ಯಾರೂ ನೋಡಲಿಲ್ಲ. ತೆರೆಯ ಮೇಲೆ ಚಿತ್ರ, ನಕ್ಷೆ. ಹಿಂದೆ ದನಿ ಮಾತ್ರ. ಓದುವವರ ಹುಬ್ಬು ಸ್ವಲ್ಪ ಮೇಲೇರಿದರೂ ಸುದ್ದಿಗೆ ಅಭಿಪ್ರಾಯದ ಬಣ್ಣ ಹತ್ತೀತು ಎಂಬ ಭಯವಂತೆ! ಮರುವರ್ಷ ಸೆಪ್ಟೆಂಬರ್‌ನಲ್ಲಿ ಐಟಿವಿ ಎಂಬ ಖಾಸಗಿ ಪ್ರತಿಸ್ಪರ್ಧಿ ಬರುವ ಹೊತ್ತಿಗೆ ಬಿಬಿಸಿಯೂ ಪಟ್ಟು ಸಡಿಲಿಸಿ ಕೆನೆತ್ ಕೆಂಡಲ್ ಅವರ ಮುಖ ತೋರಿಸಿತು. ಸುದ್ದಿಗೆ ಮುಖ ಬಂದದ್ದೇ ಪೈಪೋಟಿಯಿಂದ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಜರ್ಮನಿಯ ‘ಟಾಗೆಸ್‌ಶಾವ್’ ನೋಡಿದರೆ ನಮ್ಮ ಹುಡುಗರಿಗೆ ನಿದ್ದೆ ಬರುವುದು ಖಂಡಿತ. 1952ರ ಡಿಸೆಂಬರ್‌ನಲ್ಲಿ ಶುರುವಾದದ್ದು. ರಾತ್ರಿ ಸರಿಯಾಗಿ 8 ಗಂಟೆಗೆ ಒಂದು ಗಂಟೆಯ ನಾದ, 15 ನಿಮಿಷ ವಾರ್ತೆ, ಮುಗಿಯಿತು. ಓದುವವರನ್ನು ಅಲ್ಲಿ ‘ಸ್ಪ್ರೆಷರ್’ ಎನ್ನುತ್ತಾರೆ, ಅಂದರೆ ಹೇಳುವವರು. ಅವರು ಪತ್ರಕರ್ತರೇ ಆಗಿರಬೇಕಿಲ್ಲ. ಬೇರೆಯವರು ಬರೆದದ್ದನ್ನು ಒಂದು ಅಭಿಪ್ರಾಯವನ್ನೂ ಸೇರಿಸದೆ ಓದುವುದಷ್ಟೇ ಕೆಲಸ. ಇಡೀ ದೇಶ ಇದಕ್ಕೆ ಎಷ್ಟು ಒಗ್ಗಿಹೋಗಿದೆಯೆಂದರೆ ಅಲ್ಲಿನ ಬೇರೆ ಚಾನೆಲ್‌ಗಳೂ ರಾತ್ರಿಯ ಸಿನಿಮಾ ಶುರುಮಾಡುವುದು 8.15ಕ್ಕೆ.

ಅಮೆರಿಕದಲ್ಲಿ ಓದುವವರಲ್ಲ, ‘ಆ್ಯಂಕರ್’. ಹಡಗಿನ ಲಂಗರು. ಸಿಬಿಎಸ್‌ನ ವಾಲ್ಟರ್ ಕ್ರಾಂಕೈಟ್ 1962ರಿಂದ 1981ರವರೆಗೆ ಸಂಜೆಯ ವಾರ್ತೆ ನಡೆಸಿದರು. ಅವರು ಸುದ್ದಿ ಓದುವವರಷ್ಟೇ ಅಲ್ಲ, ಆ ಕಾರ್ಯಕ್ರಮದ ವ್ಯವಸ್ಥಾಪಕ ಸಂಪಾದಕರೂ ಹೌದು. 1963ರ ನವೆಂಬರ್ 22ರಂದು ಅಧ್ಯಕ್ಷ ಕೆನಡಿ ಸತ್ತ ಸುದ್ದಿ ಹೇಳುವಾಗ ಅವರು ಕನ್ನಡಕ ತೆಗೆದು ಗಡಿಯಾರ ನೋಡಿ, ಕನ್ನಡಕ ಮತ್ತೆ ಹಾಕಿಕೊಂಡು ಗಂಟಲು ಸರಿಮಾಡಿಕೊಳ್ಳುತ್ತಾರೆ. ಆ ತುಣುಕು ಈಗಲೂ ಸಿಗುತ್ತದೆ, ನೋಡಿ. ದನಿ ಒಂದು ಚೂರು ನಡುಗುತ್ತದೆ, ಅಷ್ಟೇ. ಆ ಚೂರಿಗಾಗಿಯೇ ಜನ ಅದನ್ನು ಅರವತ್ತು ವರ್ಷ ನೆನಪಿಟ್ಟುಕೊಂಡಿದ್ದಾರೆ.

ಆಮೇಲೆ 1980ರ ಜೂನ್ 1ಕ್ಕೆ ಸಿಎನ್‌ಎನ್ ಬಂತು, 24 ಗಂಟೆ ಸುದ್ದಿ. ಅರ್ಧ ಗಂಟೆ ತುಂಬಿಸುವುದು ಬೇರೆ, ದಿನವಿಡೀ ತುಂಬಿಸುವುದು ಬೇರೆ. ವಿವಾದದ ವಿಷಯಗಳಲ್ಲಿ ಬೇರೆ ಬೇರೆ ಅಭಿಪ್ರಾಯಗಳಿಗೂ ಜಾಗ ಕೊಡಬೇಕು ಎಂದು ಪ್ರಸಾರ ಕೇಂದ್ರಗಳ ಮೇಲೆ ಅಲ್ಲಿದ್ದ ನಿಯಮವನ್ನು 1987ರಲ್ಲಿ ಕೈಬಿಟ್ಟರು. ಬ್ರಿಟನ್‌ನಲ್ಲಿ ಅಂಥ ನಿಯಮ ಇನ್ನೂ ಇದೆ. ಆಫ್‌ಕಾಮ್ ಎಂಬ ಸಂಸ್ಥೆ ದಂಡವನ್ನೂ ಹಾಕುತ್ತದೆ.

ಇಷ್ಟು ನೋಡಿದ ಮೇಲೆ ದನಿಯ ಏರಿಳಿತಕ್ಕೂ ದುಡ್ಡಿಗೂ ಇರುವ ನಂಟು ಹೊಳೆಯತೊಡಗಿತು. ಜರ್ಮನಿಯಲ್ಲಿ ಪ್ರತಿ ಮನೆ ತಿಂಗಳಿಗೆ 18.36 ಯೂರೊ ಕೊಡುತ್ತದೆ. ಜಪಾನಿನಲ್ಲಿ ಎನ್‌ಎಚ್‌ಕೆಗೆ ಜನ ಶುಲ್ಕ ಕಟ್ಟುತ್ತಾರೆ, ಅದು ಜಾಹೀರಾತು ಹಾಕುವುದಿಲ್ಲ. ನಮ್ಮಲ್ಲಿ ಖಾಸಗಿ ಚಾನೆಲ್‌ಗಳ ಹೊಟ್ಟೆಪಾಡು ಬಹುತೇಕ ಜಾಹೀರಾತು. ಜಾಹೀರಾತಿನ ದರ ನಿಂತಿರುವುದು ಟಿಆರ್‌ಪಿ ಮೇಲೆ. ಎಲೆಕ್ಟ್ರಾನಿಕ್ಸ್ ಹುಡುಗನಾಗಿ ನನಗೆ ಇಲ್ಲಿ ಒಂದು ಮಜಾ ಸಿಕ್ಕಿತು. ಬಾರ್ಕ್ ಸಂಸ್ಥೆ ವೀಕ್ಷಣೆಯನ್ನು ಅಳೆಯುವುದು ಚಿತ್ರದಿಂದಲ್ಲ, ದನಿಯಿಂದ. ಪ್ರತಿ ಚಾನೆಲ್‌ನ ಆಡಿಯೊದಲ್ಲಿ ನಮ್ಮ ಕಿವಿಗೆ ಕೇಳಿಸದ ಒಂದು ಗುರುತು ಬೆರೆಸಿರುತ್ತಾರೆ; ಆಯ್ದ ಮನೆಗಳಲ್ಲಿಟ್ಟ ಮೀಟರ್ ಅದನ್ನು ಹಿಡಿಯುತ್ತದೆ. ಜೋರಾಗಿ ಕೂಗಿದರೆ ಮೀಟರ್‌ಗೇನೂ ಹೆಚ್ಚು ಕೇಳಿಸುವುದಿಲ್ಲ ಬಿಡಿ. ಆದರೆ ರಿಮೋಟ್ ಹಿಡಿದ ಬೆರಳು ಒಂದು ಕ್ಷಣ ನಿಲ್ಲುತ್ತದೆ. ಎಲ್ಲರೂ ಆ ಒಂದು ಕ್ಷಣಕ್ಕಾಗಿ ಕೂಗುತ್ತಾರೆ, ಆಮೇಲೆ ಯಾರ ಕೂಗಿಗೂ ಬೆರಳು ನಿಲ್ಲುವುದಿಲ್ಲ, ಆದ್ದರಿಂದ ಇನ್ನೂ ಜೋರಾಗಿ ಕೂಗುತ್ತಾರೆ. ಕಂಟ್ರೋಲ್ ಸಿಸ್ಟಮ್ಸ್ ಪೇಪರ್‌ನಲ್ಲಿ ಪಾಸಿಟಿವ್ ಫೀಡ್‌ಬ್ಯಾಕ್‌ಗೆ ಉದಾಹರಣೆ ಕೇಳಿದರೆ ಇದನ್ನೇ ಬರೆಯಬೇಕು ಅಂದುಕೊಂಡಿದ್ದೇನೆ.

ಹಾಗಂತ ಮೆಲುದನಿಯವರೆಲ್ಲ ಸತ್ಯವಂತರು ಎಂದು ನಾನು ಹೇಳುತ್ತಿಲ್ಲ. ಮೊದಮೊದಲು ಹಾಗೇ ಅಂದುಕೊಂಡಿದ್ದೆ, ಅಪ್ಪಾಜಿ ಸರಿಮಾಡಿದರು. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರಿಗೆ ಗುಂಡೇಟು ಬಿದ್ದದ್ದು ಬೆಳಿಗ್ಗೆ. ಬಿಬಿಸಿ ರೇಡಿಯೊ ಹಗಲೇ ಹೇಳಿಬಿಟ್ಟಿತ್ತು. ದೂರದರ್ಶನದಲ್ಲಿ ಸಲ್ಮಾ ಸುಲ್ತಾನ್ ಆ ಸುದ್ದಿ ಓದಿದ್ದು ಸಂಜೆ. ಅಷ್ಟು ಹೊತ್ತು ಟಿವಿ ಬಹಳ ಗಂಭೀರವಾಗಿ ಏನನ್ನೂ ಹೇಳದೆ ಇತ್ತು. ಚೀನಾದಲ್ಲಿ 1978ರಿಂದ ಸಂಜೆ 7ಕ್ಕೆ ‘ಶಿನ್‌ವೆನ್ ಲಿಯಾನ್‌ಬೊ’ ಬರುತ್ತದೆ. ಪ್ರಾಂತ್ಯಗಳ ಚಾನೆಲ್‌ಗಳೂ ಅದನ್ನೇ ಏಕಕಾಲಕ್ಕೆ ತೋರಿಸುತ್ತವೆ. ದನಿ ಶಾಂತ, ಕೂದಲು ಓರಣ, ನಾಯಕರ ಸುದ್ದಿ ಮೊದಲು. ಉತ್ತರ ಕೊರಿಯಾದ ರಿ ಚುನ್ ಹೀ ಅಂತೂ ಇನ್ನೊಂದು ತುದಿ. ಗುಲಾಬಿ ಬಣ್ಣದ ಸಾಂಪ್ರದಾಯಿಕ ಉಡುಪಿನಲ್ಲಿ, ಯುದ್ಧ ಸಾರುವವರ ಗತ್ತಿನಲ್ಲಿ ಕ್ಷಿಪಣಿ ಪರೀಕ್ಷೆಯ ಸುದ್ದಿ ಹೇಳುತ್ತಾರೆ. 1994ರಲ್ಲಿ ಕಿಮ್ ಇಲ್ ಸುಂಗ್ ಮತ್ತು 2011ರಲ್ಲಿ ಕಿಮ್ ಜಾಂಗ್ ಇಲ್, ಇಬ್ಬರ ಸಾವಿನ ಸುದ್ದಿಯನ್ನೂ ಅವರೇ ಅಳುತ್ತ ಓದಿದ್ದು. ಎನ್‌ಎಚ್‌ಕೆಯೂ ಋಷ್ಯಾಶ್ರಮವೇನಲ್ಲ. 2014ರಲ್ಲಿ ಅದರ ಹೊಸ ಅಧ್ಯಕ್ಷ ಕತ್ಸುತೊ ಮೊಮಿ, ಸರ್ಕಾರ ಬಲ ಎಂದದ್ದನ್ನು ನಾವು ಎಡ ಎನ್ನಲಾಗದು ಎಂಬರ್ಥದ ಮಾತಾಡಿ ಭಾರಿ ಟೀಕೆ ತಿಂದರು.

2022ರ ಮೇ ತಿಂಗಳಲ್ಲಿ ಅಫ್ಗಾನಿಸ್ತಾನದ ತಾಲಿಬಾನ್ ಆಡಳಿತ ಮಹಿಳಾ ನಿರೂಪಕಿಯರು ಮುಖ ಮುಚ್ಚಿಕೊಳ್ಳಬೇಕು ಎಂದು ಆಜ್ಞೆ ಮಾಡಿದಾಗ, ಟೋಲೊ ನ್ಯೂಸ್‌ನ ಗಂಡಸರೂ ಮಾಸ್ಕ್ ಹಾಕಿಕೊಂಡು ವಾರ್ತೆ ಓದಿದರು. ಬಿಬಿಸಿಯವರು ನಿಷ್ಪಕ್ಷಪಾತಕ್ಕೆಂದು ಮುಖ ಮರೆಮಾಡಿದ್ದನ್ನು ಓದಿ ನಕ್ಕ ನನಗೆ ಈ ಫೋಟೊ ನೋಡಿ ನಗು ನಿಂತಿತು.

ಮತ್ತೆ ಆ ಕೂಗಿಗೆ ಬರೋಣ. ಅದು ಒಬ್ಬಾಕೆಯ ಆವೇಶವಲ್ಲ, ತಪ್ಪಿನಿಂದ ಕಲಿತ ಪಾಠ. 2011ರ ಮಾರ್ಚ್ 11ರ ಮಧ್ಯಾಹ್ನ 2.46ಕ್ಕೆ ಎನ್‌ಎಚ್‌ಕೆ ಸಂಸತ್ತಿನ ಸಮಿತಿ ಕಲಾಪವನ್ನು ನೇರಪ್ರಸಾರ ಮಾಡುತ್ತಿತ್ತು. ಆಗಲೇ ಭೂಕಂಪದ ಮುನ್ನೆಚ್ಚರಿಕೆ ಪರದೆಯ ಮೇಲೆ ಮೂಡಿತು. ಭೂಕಂಪದ ಮೊದಲ ಅಲೆ ವೇಗವಾಗಿ ಬರುತ್ತದೆ, ಹಾನಿ ಕಡಿಮೆ. ಎರಡನೆಯದು ನಿಧಾನ, ಕೆಡವುವುದು ಅದೇ. ಮೊದಲನೆಯದನ್ನು ಹಿಡಿದು, ಎರಡನೆಯದು ತಲುಪುವ ಮುನ್ನ ಸಿಗುವ ಕೆಲವೇ ಸೆಕೆಂಡುಗಳಲ್ಲಿ ಟಿವಿಗೆ, ಫೋನಿಗೆ ಸುದ್ದಿ ಮುಟ್ಟಿಸುತ್ತಾರೆ. ಇಂಜಿನಿಯರಿಂಗ್ ಮಟ್ಟಿಗೆ ಎಲ್ಲವೂ ಸರಿಯಾಗಿಯೇ ಇತ್ತು. ಜಪಾನಿನ ಡಿಜಿಟಲ್ ಟಿವಿಯಲ್ಲಿ ಒಂದು ಚಾನೆಲ್‌ನ ಸಿಗ್ನಲ್ಲನ್ನು 13 ಭಾಗ ಮಾಡಿ, ಒಂದು ಭಾಗವನ್ನು ಮೊಬೈಲ್‌ಗೆಂದೇ ಮೀಸಲಿಟ್ಟಿದ್ದಾರೆ. ಕರೆಂಟ್ ಹೋದರೂ ಕಾರಿನಲ್ಲಿ, ಫೋನಿನಲ್ಲಿ ಟಿವಿ ನೋಡಬಹುದು, ಇಂಟರ್ನೆಟ್ ಬೇಕಿಲ್ಲ. ಹಿರೋಶಿಮಾದ ಶಾಲಾ ಹುಡುಗನೊಬ್ಬ ತನ್ನ ಫೋನನ್ನು ಮನೆಯ ಟಿವಿಯತ್ತ ಹಿಡಿದು ಎನ್‌ಎಚ್‌ಕೆಯನ್ನು ಇಂಟರ್ನೆಟ್‌ನಲ್ಲಿ ಮರುಪ್ರಸಾರ ಮಾಡಿದ. ಕಾಪಿರೈಟ್ ಲೆಕ್ಕದಲ್ಲಿ ತಪ್ಪು. ಆದರೆ ಎನ್‌ಎಚ್‌ಕೆಯ ಟ್ವಿಟರ್ ಖಾತೆ ನಡೆಸುತ್ತಿದ್ದವರು ಅದನ್ನು ತಡೆಯದೆ ತಾವೇ ಜನರಿಗೆ ತಿಳಿಸಿದರು.

ಎಡವಿದ್ದು ಮಾತಿನಲ್ಲಿ. ಹವಾಮಾನ ಇಲಾಖೆ ಮೊದಲು ಅಂದಾಜಿಸಿದ ಅಲೆಯ ಎತ್ತರ ಮಿಯಾಗಿಗೆ 6 ಮೀಟರ್, ಇವಾಟೆ ಮತ್ತು ಫುಕುಶಿಮಾಗೆ 3 ಮೀಟರ್. ಮೂರೇ ಮೀಟರ್ ತಾನೆ, ಕಡಲತಡಿಯ ಗೋಡೆ ಇದೆಯಲ್ಲ ಎಂದುಕೊಂಡವರಿದ್ದರು. ಬಂದ ನೀರು ಅದಕ್ಕಿಂತ ಎಷ್ಟೋ ಎತ್ತರ. ವಾರ್ತೆ ಓದುವವರು ತರಬೇತಿಯಂತೆ ಸಮಾಧಾನದಿಂದಲೇ ಓದಿದ್ದರು. ಆ ದುರಂತದಲ್ಲಿ ಸತ್ತವರು, ಕಾಣೆಯಾದವರು ಸೇರಿ 18,000ಕ್ಕೂ ಹೆಚ್ಚು. ಅದಾದ ಮೇಲೆ ಎನ್‌ಎಚ್‌ಕೆ ತನ್ನ ಭಾಷೆಯನ್ನೇ ತಿದ್ದಿತು: ಸುನಾಮಿ ಬಂದರೆ ವಿನಯದ ವಾಕ್ಯ ಬೇಡ, ಆಜ್ಞೆ ಕೊಡಿ, ದನಿ ಏರಿಸಿ. ಹವಾಮಾನ ಇಲಾಖೆಯೂ 2013ರಿಂದ ಭಾರಿ ಭೂಕಂಪವಾದರೆ ಮೊದಲ ಎಚ್ಚರಿಕೆಯಲ್ಲಿ ಮೀಟರ್ ಲೆಕ್ಕ ಬಿಟ್ಟು ‘ಬೃಹತ್’ ಎಂಬ ಪದ ಬಳಸುತ್ತದೆ. ನೊಟೊದಲ್ಲಿ ಭೂಕಂಪಕ್ಕೆ ನೇರವಾಗಿ ಬಲಿಯಾದವರಲ್ಲಿ ಹೆಚ್ಚಿನವರು ಸತ್ತದ್ದು ಮನೆ ಕುಸಿದು. ಅದನ್ನು ಯಾವ ಕೂಗೂ ತಪ್ಪಿಸಲಾಗದು. ಕಡಲತಡಿಯವರಿಗೆ ಮಾತ್ರ ಈ ಸಲ ಅಂಕಿಯ ಜೊತೆಗೆ ‘ಓಡಿ’ ಎಂಬ ಮಾತೂ ಮುಟ್ಟಿತು.

ಈಗ ಎಐ ನಿರೂಪಕರ ಕಾಲ. 2018ರಲ್ಲಿ ಚೀನಾದ ಶಿನ್ಹುವಾ ಶುರುಮಾಡಿತು, 2023ರಲ್ಲಿ ಒಡಿಶಾದ ‘ಲೀಸಾ’ ಬಂದಳು, ಮರುವರ್ಷ ಡಿಡಿ ಕಿಸಾನ್‌ನಲ್ಲಿ ಕ್ರಿಶ್ ಮತ್ತು ಭೂಮಿ. ನಮ್ಮ ಕ್ಲಾಸಿನಲ್ಲೂ ಮಿನಿ ಪ್ರಾಜೆಕ್ಟ್‌ಗೆ ಇಬ್ಬರು ‘ಕನ್ನಡ ಎಐ ಆ್ಯಂಕರ್’ ಎಂದು ವಿಷಯ ಕೊಟ್ಟರು. ನಾನು ಮತ್ತು ರೂಮ್‌ಮೇಟ್ ಕೊಟ್ಟ ವಿಷಯ ಬೇರೆ: ಹೊಳೆಯ ನೀರಿನ ಮಟ್ಟ ಅಳೆದು, ಅಪಾಯದ ಗೆರೆ ದಾಟಿದರೆ ಮಾತ್ರ ಊರಿನ ಗುಡಿಯ ಮೈಕಿನಲ್ಲಿ ಕನ್ನಡದಲ್ಲಿ ಕೂಗುವ ಒಂದು ಚಿಕ್ಕ ಪೆಟ್ಟಿಗೆ. ಗೈಡ್ ಸರ್, ‘ಪ್ಲೇಸ್‌ಮೆಂಟ್ ಇಂಟರ್‌ವ್ಯೂನಲ್ಲಿ ಎಐ ಇದ್ದರೆ ತೂಕ ಬರುತ್ತದೆ, ಯೋಚನೆ ಮಾಡಿ’ ಎಂದರು. ಯೋಚನೆ ಮಾಡಿದೆವು, ಬದಲಿಸಲಿಲ್ಲ. ಸೆನ್ಸರ್ ಇನ್ನೂ ಸರಿಯಾಗಿ ಕೆಲಸ ಮಾಡುತ್ತಿಲ್ಲ, ಆ ಮಾತು ಬೇರೆ. ಕಳೆದ ವಾರ ಬಕೆಟ್ಟಿನಲ್ಲಿ ಪರೀಕ್ಷೆ ಮಾಡುವಾಗ ಖಾಲಿ ಬಕೆಟ್ಟಿಗೂ ಪ್ರವಾಹ ಬಂತೆಂದು ಕೂಗಿತು.

ದಸರೆಗೆ ಊರಿಗೆ ಹೋದಾಗ ಅಜ್ಜನಿಗೆ ನೊಟೊದ ಆ ವಿಡಿಯೊ ತೋರಿಸಿದೆ. ಕಟ್ಟೆಯ ಮೇಲೆ ಕೂತು, ಫೋನನ್ನು ಕಿವಿಗೆ ಹಿಡಿದು ಕೇಳಿದರು.

‘ಏನಂತಾಳ ಆಕಿ?’

‘ಓಡ್ರಿ ಅಂತಾಳ ಅಜ್ಜಾ.’

‘ದಿನಾ ಹಿಂಗ ಒದರ್ತಾಳೇನೋ?’

‘ಇಲ್ಲ, ದಿನಾ ಮೆತ್ತಗ ಓದ್ತಾಳ.’

ಅಜ್ಜ ಫೋನು ವಾಪಸು ಕೊಡಲಿಲ್ಲ. ‘ಮತ್ತೊಮ್ಮೆ ಹಚ್ಚು’ ಎಂದರು.